ವಾಡಿಯಲ್ಲಿ ಜ್ವಾಲಾಮುಖಿ ಬಂದ ವರ್ಷ

ಹೋದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆಂದು ಉದಗೀರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಹೊರಟ ಆಟೋ ಧಾನ್ಯದ ಅಡತಿ ಅಂಗಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತಿತು. ಅಕಾಲದ ಮಳೆ ಬಿದ್ದು, ಹೊರಗೆ ಒಟ್ಟಿದ್ದ ಜೋಳದ ಚೀಲಗಳೆಲ್ಲ ತೊಯ್ದಿದ್ದವು. ಬಿಸಿಲು ಏರಿದಂತೆ ಅವುಗಳಿಂದ ಬೆಚ್ಚನೆಯ ಹುಳಿ ವಾಸನೆ ಏಳುತ್ತಿತ್ತು. ನನ್ನನ್ನು ಕರೆದೊಯ್ಯಲು ಬಂದಿದ್ದ ಹುಡುಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಆಟೋದ ಪರದೆ ಸರಿಸಿ ಆ ಗಾಳಿಯನ್ನು ಎಳೆದುಕೊಂಡೆ. "ಅಜ್ಜಿ, ನಾತ ಬಡೀತದ, ಮುಚ್ಚರಿ" ಅಂದಳು ಅವಳು. ನಾನು ಆಗಲೇ ನಿಲಂಗಾದಲ್ಲಿದ್ದೆ. ಇಪ್ಪತ್ತೊಂದರ ಪ್ರಾಯ, ಕೈಯಲ್ಲಿ ಸುಣ್ಣದಕಡ್ಡಿ, ಎದುರಿಗೆ ಖಾದರ ಸಾಹೇಬರು.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ನಿಲಂಗಾ ಇನ್ನೂ ನಮ್ಮ ಬೀದರ ಜಿಲ್ಲೆಯಲ್ಲೇ ಇತ್ತು. ಭಾಲ್ಕಿಯವಳಾದ ನನ್ನನ್ನು ನಿಲಂಗಾದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹಾಕಿದರು. ಮದುವೆಯಾಗದ ಮಗಳನ್ನು ಒಬ್ಬಳೇ ಪರವೂರಿಗೆ ಕಳಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. ಅಲ್ಲಿ ನಮ್ಮ ದೂರದ ಬಂಧು ಸಂಗಮ್ಮನ ಮನೆ ಇದೆ ಎಂಬ ಒಂದೇ ಧೈರ್ಯದ ಮೇಲೆ ಒಪ್ಪಿದರು. ಸಂಗಮ್ಮ ವಿಧವೆ, ಹೊಲ ಮನೆ ತಾನೇ ನೋಡಿಕೊಳ್ಳುವ ಗಟ್ಟಿ ಹೆಂಗಸು. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಆಮೇಲೆ ಆಳುಗಳನ್ನು ಬೈಯಲು ಶುರುಮಾಡುತ್ತಿದ್ದಳು. ಅವಳ ಮಾಳಿಗೆ ಮನೆಯ ಒಂದು ಖೋಲಿ ನನ್ನದಾಯಿತು.

ಶಾಲೆಯಲ್ಲಿ ನನಗೆ ಬಂದ ತೊಂದರೆ ಭಾಷೆಯದು. ನಾನು ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಮನೆಯ ಮಾತು ಕನ್ನಡ. ಈಗ ಕಲಿಸಬೇಕಾದದ್ದು ಮರಾಠಿಯಲ್ಲಿ. ಸಂತೆಯಲ್ಲಿ, ಓಣಿಯಲ್ಲಿ ಆಡುವ ಮರಾಠಿ ನನಗೆ ಸರಾಗವಾಗಿ ಬರುತ್ತಿತ್ತು. ಆದರೆ ಭೂಗೋಳದ ಮರಾಠಿ ಬೇರೆಯೇ. ಹೊಸ ಪಠ್ಯಪುಸ್ತಕಗಳು ಇನ್ನೂ ಬಂದಿರಲಿಲ್ಲ. ದೊಡ್ಡಬಾಯಿಯವರಿಗೆ, ಅಂದರೆ ನಮ್ಮ ಮುಖ್ಯಾಧ್ಯಾಪಕಿಗೆ, ಒಂದು ಉಪಾಯ ಹೊಳೆಯಿತು. ಪಕ್ಕದ ಗಂಡುಮಕ್ಕಳ ಶಾಲೆಯಲ್ಲಿ ಉರ್ದು ತರಗತಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಅಲ್ಲಿ ಭೂಗೋಳ ಕಲಿಸುತ್ತಿದ್ದ ಖಾದರ ಸಾಹೇಬರಿಗೆ ಕೆಲಸ ಇಲ್ಲದಂತಾಗಿತ್ತು. ಅವರಿಗೆ ಭೂಗೋಳ ಬರುತ್ತದೆ, ಮರಾಠಿ ಬರೆಯಲು ಬಾರದು. ನನಗೆ ಮರಾಠಿ ಬರುತ್ತದೆ, ಭೂಗೋಳ ಅಷ್ಟಕ್ಕಷ್ಟೇ. "ಇಬ್ಬರೂ ಸೇರಿ ಒಬ್ಬ ಶಿಕ್ಷಕರಾಗಿ" ಎಂದು ದೊಡ್ಡಬಾಯಿ ನಕ್ಕರು. ಅವರು ಉರ್ದು, ಕನ್ನಡ ಬೆರೆಸಿ ಹೇಳುವುದು, ನಾನು ಅದನ್ನು ಮರಾಠಿಗೆ ತಿರುಗಿಸುವುದು ಎಂದಾಯಿತು.

ಮೊದಲ ದಿನಗಳಲ್ಲಿ ನಾನು ಅವರಿಂದ ದೂರವೇ ನಿಲ್ಲುತ್ತಿದ್ದೆ. ರಜಾಕಾರರ ಹಾವಳಿಯ ಕಾಲದಲ್ಲಿ ನನ್ನ ಸೋದರಮಾವ ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ. ಕಾರ್ಯಾಚರಣೆಯ ನಂತರದ ಗದ್ದಲದಲ್ಲಿ ಖಾದರ ಸಾಹೇಬರ ತಮ್ಮನೂ ಹಾಗೆಯೇ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಿಲಂಗಾದಂಥ ಊರಿನಲ್ಲಿ ಇಂಥದ್ದು ಗೊತ್ತಾಗದೆ ಇರುವುದಿಲ್ಲ. ನಾವು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಸಾಹೇಬರದು ಸಣಕಲು ದೇಹ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಮಾಸಿದ ಶೇರವಾನಿ, ಮದರಂಗಿ ಹಚ್ಚಿದ ಗಡ್ಡ. ಹೆಂಡತಿ ತೀರಿಕೊಂಡಿದ್ದರು, ಮಗ ಹೈದರಾಬಾದಿನಲ್ಲಿದ್ದ. ನನ್ನ ಕಡೆ ನೇರವಾಗಿ ನೋಡದೆ ನೆಲ ನೋಡುತ್ತ ಮಾತಾಡುತ್ತಿದ್ದರು. ಆದರೆ ಬೋರ್ಡಿನ ಮುಂದೆ ನಿಂತರೆ ಅವರೇ ಬೇರೆ ಆಗಿಬಿಡುತ್ತಿದ್ದರು. ಸುಣ್ಣದಕಡ್ಡಿಯನ್ನು ಅಡ್ಡ ಹಿಡಿದು ಕೈ ಬೀಸಿದರೆ ಬೆಟ್ಟ ಏಳುತ್ತಿತ್ತು. ಬೆರಳಿನಿಂದ ಒರೆಸಿದರೆ ಅದೇ ಬೆಟ್ಟದ ಮೇಲೆ ಹೊಗೆ.

ಮಳೆಗಾಲ ಹಿಡಿದ ಮೇಲೆ ಜ್ವಾಲಾಮುಖಿಯ ಪಾಠ ಬಂತು. ಉರ್ದುವಿನಲ್ಲಿ ಅದಕ್ಕೆ ಆತಿಶ್‌ಫಿಶಾನ್ ಎನ್ನುತ್ತಿದ್ದೆವು, ಬೆಂಕಿ ಚೆಲ್ಲುವುದು ಎಂದು ಅರ್ಥ. ನಾನು ಮರಾಠಿಯಲ್ಲಿ "ಜ್ವಾಲಾಮುಖಿ" ಎಂದೊಡನೆ ಹುಡುಗಿಯರಲ್ಲಿ ಇಬ್ಬರು ಮೂವರು ಕೈ ಮುಗಿದರು. ದೇವಿಯ ಹೆಸರಲ್ಲವೇ! ಅದು ದೇವಿಯಲ್ಲ, ಬೆಟ್ಟ ಎಂದು ತಿಳಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ಆಮೇಲೂ ಎಲ್ಲರಿಗೂ ನಂಬಿಕೆ ಬಂದಂತೆ ಕಾಣಲಿಲ್ಲ.

ಬೆಂಕಿಬೆಟ್ಟಗಳೆಲ್ಲ ಒಂದೇ ಬಗೆಯವಲ್ಲ ಎಂದು ನನಗೆ ಅರ್ಥವಾದದ್ದೂ ಆ ವಾರವೇ. ಸಾಹೇಬರು ಮೊದಲು ಬರೆದದ್ದು ಅಗಲವಾದ, ತಗ್ಗಾದ ಬೆಟ್ಟ. ಒಳಗಿನ ಕರಗಿದ ಕಲ್ಲು ತೆಳ್ಳಗಿದ್ದರೆ ಸಿಡಿಯದೆ ಹರಿದು ದೂರ ದೂರ ಹಬ್ಬುತ್ತದೆ, ಬೆಟ್ಟ ಢಾಲಿನಂತೆ, ಗುರಾಣಿಯಂತೆ ಆಗುತ್ತದೆ ಎಂದರು. ಢಾಲು ಕಂಡ ಹುಡುಗಿಯರು ಯಾರಿದ್ದರು? "ರೊಟ್ಟಿ ಹಂಚು ಬೋರಲು ಹಾಕಿದ ಹಾಗೆ" ಎಂದೆ ನಾನು. ಎರಡನೆಯದು ಕೆಂಡದ ಚೂರು ಮೇಲೆ ಚಿಮ್ಮಿ ಸುತ್ತ ಬಿದ್ದು ಏಳುವ ಗುಡ್ಡ. ಅದು ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ. ಮೂರನೆಯದನ್ನು ಸಾಹೇಬರು ಬಹಳ ಹೊತ್ತು ಬರೆದರು. ಬೂದಿಯ ಪದರ, ಕಲ್ಲಿನ ಪದರ, ಮತ್ತೆ ಬೂದಿ, ಮತ್ತೆ ಕಲ್ಲು. ಎತ್ತರ, ತಲೆಯ ಮೇಲೆ ಹಿಮ, ನೋಡಲು ಬಲು ಚೆಂದ. ಆದರೆ ಒಳಗಿನ ಕಲ್ಲು ಬೆಲ್ಲದ ಗಟ್ಟಿಪಾಕದಂತೆ ಮಂದ, ಬಾಯಿ ಕಟ್ಟಿಕೊಂಡಿರುತ್ತದೆ. ಬಾಯಿ ಬಿಗಿದ ಗಡಿಗೆಯಲ್ಲಿ ಬೇಯುವ ಅಡುಗೆಯಂತೆ ಒಂದು ದಿನ ಸಿಡಿಯುತ್ತದೆ.

"ಎಲ್ಲಕ್ಕಿಂತ ಚೆಂದ ಇದ್ದದ್ದೇ ಎಲ್ಲಕ್ಕಿಂತ ಕೆಟ್ಟದ್ದು" ಎಂದು ಸಾಹೇಬರು ಕೈ ಝಾಡಿಸಿಕೊಂಡರು. "ನಾಕನೇದು ಬೋರ್ಡಿನ ಮ್ಯಾಲ ಇಲ್ಲ. ಹೊರಗ ಬರ್ರಿ."

ಅವರು ತರಗತಿಯನ್ನು ಅಂಗಳಕ್ಕೆ ಕರೆದೊಯ್ದು ದೂರದ ಗುಡ್ಡ ತೋರಿಸಿದರು. ನಮ್ಮ ಸೀಮೆಯ ಗುಡ್ಡಗಳು ಗೊತ್ತಲ್ಲ, ತಲೆ ಚಪ್ಪಟೆ, ಪಕ್ಕದಲ್ಲಿ ಪಾವಟಿಗೆ ಪಾವಟಿಗೆ. ಬೇಸಿಗೆಯಲ್ಲಿ ಕರಿನೆಲ ಬಿರಿಯುವಂತೆ ಒಂದು ಕಾಲದಲ್ಲಿ ಈ ಸೀಮೆಯೇ ಬಿರಿದಿತ್ತಂತೆ. ಬೆಟ್ಟವೂ ಇಲ್ಲ, ಬಾಯಿಯೂ ಇಲ್ಲ. ಬಿರುಕಿನ ಉದ್ದಕ್ಕೂ ಬೆಂಕಿ ಉಕ್ಕಿ, ಹರಿದು, ಆರಿ, ಅದರ ಮೇಲೆ ಮತ್ತೊಂದು ಹರಿದು ಈ ಮೆಟ್ಟಿಲುಗಳು ಆದವು. ಮನುಷ್ಯ ಹುಟ್ಟುವುದಕ್ಕಿಂತ ಎಷ್ಟೋ ಮುಂಚೆ. ಅದೇ ಕಲ್ಲು ಸವೆದು ಸವೆದು ನಮ್ಮ ಎರಿಮಣ್ಣಾಯಿತು. "ನೀವು ತಿನ್ನೋ ರೊಟ್ಟಿ ಆ ಬೆಂಕಿಯಿಂದ ಬಂದದ" ಎಂದರು ಸಾಹೇಬರು. ನಾನು ಅದನ್ನು ಮರಾಠಿಗೆ ತಿರುಗಿಸುವುದನ್ನು ಮರೆತು ಗುಡ್ಡವನ್ನೇ ನೋಡುತ್ತ ನಿಂತಿದ್ದೆ. ಆ ದಿನದಿಂದ ಅವರ ಮೇಲಿನ ನನ್ನ ಅಂಜಿಕೆ ಹೋಯಿತು.

ಅಪಾಯಗಳ ಪಾಠ ಮರುದಿನ. ಬೆಂಕಿಯ ಹೊಳೆಗಿಂತ ಬೂದಿ ಕೆಟ್ಟದ್ದು ಎಂದರೆ ಹುಡುಗಿಯರು ನಂಬಲಿಲ್ಲ. ಬೆಂಕಿಯ ಹೊಳೆ ಸಾಮಾನ್ಯವಾಗಿ ಮೆಲ್ಲಗೆ ಬರುತ್ತದೆ, ಮಗುವನ್ನು ಎತ್ತಿಕೊಂಡು ನಡೆದು ಪಾರಾಗಬಹುದು. ಬೂದಿ ಮಾಳಿಗೆಯ ಮೇಲೆ ಬಿದ್ದು, ಅದರ ಮೇಲೆ ಮಳೆ ಬಿದ್ದರೆ? ಮಣ್ಣು ಹಾಸಿದ ಮಾಳಿಗೆಯ ಕೆಳಗೆ ಮಲಗುವ ಆ ಮಕ್ಕಳಿಗೆ ತಕ್ಷಣ ತಿಳಿಯಿತು. ತೊಯ್ದ ಮಾಳಿಗೆ ಕುಸಿಯುವುದನ್ನು ಕಾಣದ ಮನೆ ಅಲ್ಲಿರಲಿಲ್ಲ. ಕುದುರೆಗಿಂತ ವೇಗವಾಗಿ ಇಳಿದು ಬರುವ ಸುಡುಮೋಡ, ಮಂಜರಾ ಹೊಳೆಗೆ ನೆರೆ ಬಂದಂತೆ ಕಣಿವೆ ತುಂಬಿ ನುಗ್ಗುವ ಕೆಸರು, ಎಲ್ಲ ಹೇಳಿದ ಮೇಲೆ ಸಾಹೇಬರು ದನಿ ತಗ್ಗಿಸಿದರು. ಕೊನೆಯದು ಗಾಳಿ. ಬಣ್ಣ ಇಲ್ಲದ, ಸದ್ದಿಲ್ಲದ ಗಾಳಿ. ಅದು ನಾವು ಉಸಿರಾಡುವ ಗಾಳಿಗಿಂತ ಭಾರ. ನೀರಿನಂತೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಅದರಲ್ಲಿ ಇಳಿದ ಮನುಷ್ಯ, ದನ, ಹಕ್ಕಿ ಯಾವುದೂ ಉಳಿಯುವುದಿಲ್ಲ.

ಹಿಂದಿನ ಸಾಲಿನಿಂದ ಕಾಶಿ ಎದ್ದಳು. ಊರ ಹೊರಗಿನ ವಾಡಿಯಿಂದ, ನಾಲ್ಕಾರು ಮನೆಗಳ ಆ ಹಟ್ಟಿಯಿಂದ ನಡೆದು ಬರುತ್ತಿದ್ದ ಕುರುಬರ ಹುಡುಗಿ. ಮೈಗೆ ಯಾವಾಗಲೂ ಕಂಬಳಿಯ ವಾಸನೆ, ಮನೆಯ ಮಾತು ನಮ್ಮದೇ ಕನ್ನಡ. "ಕಾಣಂಗಿಲ್ಲ ಅಂದ್ರ, ಅದು ಅಲ್ಲಿ ಅದ ಅಂತ ಹ್ಯಾಂಗ ಗೊತ್ತಾಗ್ತದ್ರಿ?"

"ದೀಪ ಹೇಳ್ತದ ಬೇಟಿ" ಎಂದರು ಸಾಹೇಬರು. "ದೀಪ ಆರಿತಂದ್ರ ನೀ ಮುಂದ ಹೆಜ್ಜಿ ಇಡಬ್ಯಾಡ."

ಆ ವರ್ಷದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಸಂಗಮ್ಮ ಆಳುಗಳನ್ನು ಮಾಳಿಗೆಗೆ ಹತ್ತಿಸಿ ಮಣ್ಣು ಬಡಿಸಿದ್ದೇ ಬಡಿಸಿದ್ದು. ದಸರೆಯ ಹೊತ್ತಿಗೆ ಮಳೆ ನಿಂತು ಬೆಳಗಿನ ಚಳಿ ಶುರುವಾಯಿತು. ಆಗ ಕಾಶಿ ಶಾಲೆಗೆ ಬರುವುದು ನಿಂತಿತು. ಕೆಲವೇ ದಿನಗಳಲ್ಲಿ ಊರಲ್ಲಿ ಸುದ್ದಿ ಎದ್ದಿತು. ವಾಡಿಯ ಹತ್ತಿರ, ಹಾಳುಬಿದ್ದ ವಾಡೆಯ ಹಿತ್ತಲಿನಲ್ಲಿ ನೆಲದಿಂದ ಹೊಗೆ ಬರುತ್ತಿದೆಯಂತೆ. ಅಲ್ಲಿ ಕಾಲಿಟ್ಟರೆ ನೆಲ ಬೆಚ್ಚಗಿದೆಯಂತೆ. ಆ ದೊಡ್ಡ ಮನೆಯವರು ಗದ್ದಲದ ವರ್ಷ ಊರು ಬಿಟ್ಟು ಹೋಗಿದ್ದರು, ಗೋಡೆಗಳಷ್ಟೇ ನಿಂತಿದ್ದವು.

ಒಂದು ಮಧ್ಯಾಹ್ನ ಕಾಶಿಯ ಅಪ್ಪ ಮಾಳಪ್ಪ ಶಾಲೆಯ ಅಂಗಳಕ್ಕೆ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಣೆ ತುಂಬ ಬೀರಪ್ಪ ದೇವರ ಅರಿಶಿನದ ಭಂಡಾರ. ನಾನೂ ಸಾಹೇಬರೂ ಹೊರಗೆ ಬಂದೆವು.

"ಅಕ್ಕೋರ, ನೀವು ಮಕ್ಕಳಿಗಿ ಏನ ಕಲಸೀರಿ?"

"ಯಾಕಪ್ಪ, ಏನಾಯ್ತು?"

"ನೆಲ ಬಿರಿದು ಬೆಂಕಿ ಬರ್ತದಂತ ಹೇಳೀರಂತ. ಮಗಳು ಮನ್ಯಾಗ ಬಂದು ಹೇಳಿದ್ಳು. ನಾವು ನಕ್ಕೇವು. ಈಗ ನೋಡ್ರಿ, ಬೆಂಕಿ ನಮ್ಮ ಹಟ್ಟಿಗೇ ಬಂದದ. ಹೆಣ್ಣಮಕ್ಕಳು ಕಾಯಿ ಒಡೀಲಾಕತ್ಯಾರ. ಜ್ವಾಲಾಮುಖಿ ತಾಯಿ ಬಂದಾಳಂತ, ಕೋಳಿ ಬೇಡ್ತಾಳಂತ."

"ಅದು ಹಾಂಗಲ್ಲ ಮಾಳಪ್ಪ" ಎಂದೆ. ಆದರೆ ಅದು ಹೇಗೆ ಎಂದು ನನಗೂ ತಿಳಿದಿರಲಿಲ್ಲ.

"ಹಾಂಗೋ ಹೀಂಗೋ ನಂಗ ಗೊತ್ತಿಲ್ರಿ. ನಾ ಕುರಿ ಹೊಡ್ಕೊಂಡು ಹೊಂಟೀನಿ. ಈ ವರ್ಷ ಮುಂಚೆನೇ ಗಂಗಾಖೇಡ ಕಡಿ ಹೋಗ್ತೀವಿ. ಮಗಳನೂ ಕರ್ಕೊಂಡು ಹೋಗ್ತೀನಿ. ಆಕಿ ಶಾಲಿ ಸಾಕು."

ಕಾಶಿ ಆ ವರ್ಷ ಕೊನೆಯ ಪರೀಕ್ಷೆಗೆ ಕೂಡಬೇಕಾದ ಹುಡುಗಿ. ನನ್ನ ತರಗತಿಯಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದವಳು ಅವಳೊಬ್ಬಳೇ. ಸಾಹೇಬರು ನೆಲ ನೋಡುತ್ತ, "ನಾಳಿ ಬೆಳಿಗ್ಗಿ ನಾ ಬರ್ತೀನಿ. ನೋಡಿದ ಮ್ಯಾಲ ಹೋಗು. ಒಂದ ದಿನ ತಡಿ" ಎಂದರು. ಮಾಳಪ್ಪ ಅವರನ್ನು ಒಂದು ಗಳಿಗೆ ನೋಡಿದ. ಆಮೇಲೆ ತಲೆಯಾಡಿಸಿ ಹೊರಟ.

ಮರುದಿನ ಬೆಳಗ್ಗೆ ನಾವಿಬ್ಬರೂ ಹೋದೆವು. ಸಂಗಮ್ಮ "ಹೆಣ್ಣಮಗಳು ನೀ, ನಿಂಗ್ಯಾಕ ಬೇಕು?" ಅಂದಳು. ಆದರೆ ತಾನೇ ಒಂದು ಬುತ್ತಿ ಕಟ್ಟಿಕೊಟ್ಟಳು, ಅದರಲ್ಲಿ ಸಾಹೇಬರಿಗೂ ಸಾಲುವಷ್ಟು ರೊಟ್ಟಿ ಇತ್ತು. ವಾಡೆಯ ಹಿತ್ತಲಿಗೆ ಬಂದಾಗ ನನ್ನ ಕಾಲು ನಿಂತವು. ತಣ್ಣನೆಯ ಬೆಳಕಿನಲ್ಲಿ, ಬಿದ್ದ ಗೋಡೆಯ ಬುಡದ ಬಿರುಕಿನಿಂದ ಬಿಳಿಯ ಹಬೆ ನಿಧಾನವಾಗಿ ಏಳುತ್ತಿತ್ತು, ಸಾಹೇಬರು ಬೋರ್ಡಿನ ಮೇಲೆ ಬೆರಳಿನಿಂದ ಒರೆಸಿ ತೋರಿಸಿದಂತೆಯೇ. ಸುತ್ತ ಕುಂಕುಮ, ಒಡೆದ ಕಾಯಿ, ಎಣ್ಣೆಯ ಹಣತೆ. ಹತ್ತು ಹನ್ನೆರಡು ಜನ ದೂರದಲ್ಲಿ ಕೈಮುಗಿದು ನಿಂತಿದ್ದರು. ಕಾಶಿ ನನ್ನನ್ನು ಕಂಡು ಓಡಿ ಬಂದು ಸೆರಗು ಹಿಡಿದುಕೊಂಡಳು.

ಸಾಹೇಬರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿರ ಹೋಗಿ ಅಂಗೈ ನೆಲಕ್ಕೆ ಒತ್ತಿದರು. ಮೂಗೆಳೆದು ನೋಡಿದರು. ಗಂಧಕದ ವಾಸನೆ ಇಲ್ಲ ಎಂದರು. ಏನೋ ಹುಳಿ ವಾಸನೆ ಇದೆ. "ಬೆಂಕಿಬೆಟ್ಟ ಅಲ್ಲ. ಈ ನೆಲ ಆರಿ ಯಾವ ಕಾಲ ಆಯ್ತೋ ಲೆಕ್ಕ ಇಲ್ಲ."

"ಮತ್ತ ಇದೇನ್ರಿ?" ಎಂದ ಮಾಳಪ್ಪ.

"ನಂಗ ಗೊತ್ತಿಲ್ಲ" ಎಂದರು ಸಾಹೇಬರು. ಇಷ್ಟು ಜನರ ಮುಂದೆ ಒಬ್ಬ ಮಾಸ್ತರರು ಹಾಗೆ ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. "ಗೊತ್ತಾಗೋ ತನಕ ಯಾರೂ ಸನೇಕ ಬರಬ್ಯಾಡ್ರಿ."

ಜನ ಸರಿದರು. ಆದರೆ ಕುರಿಗೆ ಯಾರು ಹೇಳುವವರು? ದೊಡ್ಡಿಯಿಂದ ಬಿಟ್ಟ ಹಿಂಡು ಹಿತ್ತಲಿಗೆ ನುಗ್ಗಿತು. ಒಡೆದ ಕಾಯಿಯ ಚೂರಿನ ಆಸೆಗೆ ಒಂದು ಕುರಿ ಬಿರುಕಿನವರೆಗೆ ಹೋಗಿ ಮೂತಿ ಹಾಕಿತು. ನೆಲ ದಪ್ಪೆಂದು ಕುಸಿಯಿತು. ಕುರಿ ಕಾಣೆಯಾಯಿತು. ಜನರೆಲ್ಲ ಕೂಗುತ್ತ ಹಿಂದಕ್ಕೆ ಓಡಿದರು. ಒಬ್ಬ ಮುದುಕಿ "ತಾಯಿ ಬಲಿ ತಗೊಂಡ್ಳು!" ಎಂದು ನೆಲಕ್ಕೆ ಬಿದ್ದಳು.

ಬೆಂಕಿ ಏನೂ ಬರಲಿಲ್ಲ. ದುಂಡನೆಯ ಬಾಯೊಂದು ತೆರೆದುಕೊಂಡಿತ್ತು. ಬಂದದ್ದು ವಾಸನೆ, ಹುಳಿತು ಕೊಳೆತ ಜೋಳದ ಬೆಚ್ಚನೆಯ ವಾಸನೆ. ಎಲ್ಲರಿಗೂ ಒಟ್ಟಿಗೇ ತಿಳಿಯಿತು. "ಹಗೇವ!" ಎಂದು ಯಾರೋ ಕೂಗಿದರು. ನೆಲದಲ್ಲಿ ಗಡಿಗೆಯಾಕಾರದ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣೆಳೆದುಬಿಡುವ ಕಣಜ ಅದು. ನೀರು ತಾಗದಿದ್ದರೆ ಅದರಲ್ಲಿ ಜೋಳ ವರ್ಷಗಟ್ಟಲೆ ಇರುತ್ತದೆ. ವಾಡೆಯವರು ತುಂಬಿಸಿಟ್ಟು ಹೋದದ್ದನ್ನು ಯಾರೂ ತೆಗೆದಿರಲಿಲ್ಲ. ಆ ವರ್ಷದ ಮಳೆ ಒಳಗೆ ಇಳಿದು ಜೋಳ ಕಾವು ಏರಿ ಹಬೆಯಾಡುತ್ತಿತ್ತು.

ಆಗ ಜನರಿಗೆ ಬಂದ ನಗು ಈಗಲೂ ಕಿವಿಯಲ್ಲಿದೆ. ಬಿದ್ದಿದ್ದ ಮುದುಕಿ ಎದ್ದು ಕುಳಿತು ತನ್ನನ್ನೇ ಬೈದುಕೊಂಡು ನಕ್ಕಳು. ಇಷ್ಟು ದಿನ ಜೋಳಕ್ಕೆ ಕಾಯಿ ಒಡೆದೆವಲ್ಲ ಎಂದು ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮಾಳಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಒಳಗಿನಿಂದ ಕುರಿಯ ದನಿ ಒಮ್ಮೆ ಕೇಳಿ ನಿಂತಿತು.

"ತಡೀರಿ, ನನ್ನ ಕುರಿ ತರ್ತೀನಿ" ಎಂದ ಮಾಳಪ್ಪ. ಕುರಿಗೆ ಕಟ್ಟಲು ಬೇಕಾದ ಹಗ್ಗದ ತುದಿಯನ್ನು, ಕೈ ಬಿಡುವಿರಲೆಂದು ತನ್ನ ಸೊಂಟಕ್ಕೇ ಸುತ್ತಿಕೊಂಡ. ಇನ್ನೊಂದು ತುದಿಯನ್ನು ತಮ್ಮ ಲಕ್ಷ್ಮಣನ ಕೈಗೆ ಕೊಟ್ಟ.

ಸಾಹೇಬರು ಆಚೆ ಬದಿಯಲ್ಲಿ ಚಪ್ಪಲಿ ಹುಡುಕುತ್ತಿದ್ದರು. ತಿರುಗಿ ನೋಡುವಷ್ಟರಲ್ಲಿ ಮಾಳಪ್ಪನ ಕಾಲು ಒಳಗಿದ್ದವು. "ನಕ್ಕೋ! ಇಳೀಬ್ಯಾಡ! ದೀಪ ತರ್ರಿ, ಮೊದಲ ದೀಪ ಬಿಡ್ರಿ!" ಎಂದು ಓಡಿ ಬಂದರು. ಅವರು ಅಷ್ಟು ಜೋರಾಗಿ ಕೂಗಬಲ್ಲರೆಂದು ನನಗೆ ಗೊತ್ತಿರಲಿಲ್ಲ.

"ಏನಾಗಂಗಿಲ್ರಿ ಸಾಹೇಬ್ರ, ಜ್ವಾಲಾಮುಖಿ ಅಲ್ಲಂತ ನೀವೇ ಹೇಳೀರಿ, ನಾ..." ಎನ್ನುತ್ತ ಮಾಳಪ್ಪ ಇಳಿದ. ಮಾತು ಅಲ್ಲಿಗೇ ನಿಂತಿತು. ಧೊಪ್ಪೆಂಬ ಸದ್ದು.

"ಅಣ್ಣಾ!" ಎಂದು ಲಕ್ಷ್ಮಣ ಹಗ್ಗ ಬಿಟ್ಟು ಗುಂಡಿಯ ಕಡೆ ಹಾರಿದ. ಸಾಹೇಬರು ಅವನ ಎದೆಗೆ ಎರಡೂ ಕೈ ಒತ್ತಿ ತಡೆದರು. ಅವನು ಬಲವಂತ, ಇವರು ಸಣಕಲು. ಇಬ್ಬರೂ ಕೆಳಗೆ ಬಿದ್ದರು. "ನೀ ಇಳದ್ರ ಇಬ್ಬರನೂ ಮಣ್ಣಿಗಿಡಬೇಕಾಗ್ತದ! ಹಗ್ಗ ಹಿಡಿ! ಹಗ್ಗ ಎಳಿ!" ಕಾಶಿಯ ತಾಯಿ ಅಷ್ಟರಲ್ಲಿ ಹಗ್ಗದ ಮೇಲೆ ಬಿದ್ದು ಹಿಡಿದುಕೊಂಡಿದ್ದಳು. ಲಕ್ಷ್ಮಣ, ಇನ್ನಿಬ್ಬರು ಗಂಡಸರು, ಹೆಂಗಸರು ಸೇರಿ ಎಳೆದರು. ಭಾರ ಮೇಲೆ ಬಂತು, ಮೇಲೆ ಬಂತು, ಗುಂಡಿಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಮಾಳಪ್ಪನ ಹೆಗಲು ಅಡ್ಡವಾಗಿತ್ತು. ತಲೆ ಕತ್ತಲೆಯಲ್ಲಿ ಜೋತಾಡುತ್ತಿತ್ತು.

ಸಾಹೇಬರು ಹೊಟ್ಟೆಯ ಮೇಲೆ ಮಲಗಿದರು. ನನ್ನ ಕಡೆ ನೋಡಿದರು, ಆ ವರ್ಷದಲ್ಲಿ ಮೊದಲ ಸಲ ನೇರವಾಗಿ. "ಬೇಟಿ, ನನ್ನ ಕಾಲ ಹಿಡಿ. ನಾ ಉಸರು ಹಿಡದು ಹೋಗ್ತೀನಿ. ಕಾಲ ಝಾಡಿಸಿದ್ರ ಎಳದುಬಿಡು." ಇಷ್ಟು ಹೇಳಿ ಎದೆ ತುಂಬ ಗಾಳಿ ತೆಗೆದುಕೊಂಡು ತಲೆ, ಭುಜ, ಎದೆಯವರೆಗೆ ಆ ಬಾಯೊಳಗೆ ಇಳಿದರು. ನಾನು ಅವರ ಕಾಲುಗಳ ಮೇಲೆ ಕುಳಿತು ಮೀನಖಂಡಗಳನ್ನು ಅವುಚಿ ಹಿಡಿದೆ. ಎಲುಬಿನ ಕಾಲುಗಳು. ಅಷ್ಟು ಹಗುರವಾದ ಮನುಷ್ಯ ಎಲ್ಲಿ ಜಾರಿ ಹೋಗುತ್ತಾರೋ ಎಂದು ಇನ್ನಷ್ಟು ಬಿಗಿದು ಹಿಡಿದೆ. ಕಾಲು ಝಾಡಿಸಿತು. ಎಳೆದೆ. ಮುಖ ಕೆಂಪೇರಿತ್ತು, ಕೆಮ್ಮಿದರು, ಇನ್ನೊಮ್ಮೆ ಗಾಳಿ ತುಂಬಿಕೊಂಡರು, ಮತ್ತೆ ಇಳಿದರು. ಈ ಸಲ ಒಳಗಿನಿಂದ ಏನೋ ಹರಿದ ಸದ್ದು, ಮಾಳಪ್ಪನ ಅಂಗಿಯದೋ ಸಾಹೇಬರ ಶೇರವಾನಿಯದೋ. ಹಗ್ಗ ಒಮ್ಮೆಲೇ ಸಡಿಲಾಗಿ ಎಳೆಯುತ್ತಿದ್ದವರೆಲ್ಲ ಹಿಂದಕ್ಕೆ ಬಿದ್ದರು. ಮಾಳಪ್ಪನ ಅರ್ಧ ದೇಹ ಹೊರಗೆ ಬಂದಿತ್ತು.

ತುಟಿ ನೀಲಿಯಾಗಿತ್ತು. ಅವನನ್ನು ಎತ್ತರದ ಕಟ್ಟೆಗೆ ಒಯ್ದು ಮಲಗಿಸಿ, ಹೆಂಗಸರು ಮೊರದಿಂದ ಗಾಳಿ ಹಾಕಿದರು. ಸಾಹೇಬರು ಅವನ ಎದೆ ಒತ್ತುತ್ತ, ಬಿಡುತ್ತ, ಏನೋ ಪ್ರಾರ್ಥನೆ ಗುನುಗುತ್ತಿದ್ದರು. ಕಾಶಿಯ ತಾಯಿ ಬೀರಪ್ಪನನ್ನು ಕರೆಯುತ್ತಿದ್ದಳು. ನಾನೂ ಕುತ್ತಿಗೆಯಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡು ಕುಳಿತಿದ್ದೆ. ಕಾಶಿ ಮಾತ್ರ ಅಳಲಿಲ್ಲ. ಅಪ್ಪನ ಮೂಗಿನ ಹತ್ತಿರ ಕೈಯಿಟ್ಟುಕೊಂಡು ಕುಳಿತಿದ್ದವಳು, "ಬಂತು" ಎಂದಳು. ನಮಗೆ ಕೇಳಲಿಲ್ಲ. "ಉಸರು ಬಂತು!" ಎಂದು ಚೀರಿದಳು.

ಮಾಳಪ್ಪ ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, ಸುತ್ತ ನೋಡಿ, ಕೇಳಿದ ಮೊದಲ ಮಾತು: "ನನ್ನ ಕುರಿ?"

ಕುರಿ ಸತ್ತಿತ್ತು. ಸಾಹೇಬರು ಅಲ್ಲಿಯೇ ಗೋಡೆಗೆ ಒರಗಿ ಕುಳಿತು ಅಳತೊಡಗಿದರು. ಅವರು ಅತ್ತದ್ದು ಮಾಳಪ್ಪನಿಗಾಗಿಯೋ, ಬಾರದೆ ಹೋದ ಇನ್ಯಾರಿಗಾಗಿಯೋ ನಾನು ಕೇಳಲಿಲ್ಲ. ಬುತ್ತಿ ಬಿಚ್ಚಿ ಮುಂದಿಟ್ಟೆ. ಸಂಗಮ್ಮನ ರೊಟ್ಟಿ, ಶೇಂಗಾದ ಹಿಂಡಿ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ತಿಂದೆವು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಸಂಗಮ್ಮ ಬಾಗಿಲಲ್ಲೇ ನಿಂತಿದ್ದಳು.

"ಆ ಸಾಹೇಬರ ಕಾಲ ಹಿಡಿದ್ಯಂತ?"

"ಹಿಡಿದೆ."

"ನಡುವ ಬಿಡಲಿಲ್ಲಲ್ಲ?"

"ಇಲ್ಲ."

"ಛಲೋ ಆತು ಬಿಡು" ಎಂದು, ಬಚ್ಚಲಿಗೆ ನೀರು ತೋಡಲು ಹೋದಳು. ಆಮೇಲೆ ಸ್ನಾನದ ನೀರು ಹಾಕುತ್ತ, "ಊರಾಗ ಯಾರರೆ ಏನರೆ ಅಂದ್ರ ನನ್ನ ಕಡಿ ಕಳಸು" ಎಂದಳು. ಯಾರೂ ಏನೂ ಅನ್ನಲಿಲ್ಲ. ಸಂಗಮ್ಮನ ಬಾಯಿಗೆ ಹೆದರಿಯೂ ಇರಬಹುದು.

ಕೊಳೆತ ಜೋಳದಿಂದಲೂ ಅದೇ ಕಾಣದ ಗಾಳಿ ಏಳುತ್ತದೆ ಎಂದು ಸಾಹೇಬರು ಹೇಳಿದ ಮೇಲೆ ಆ ಹಗೇವನ್ನು ವಾಡಿಯವರು ಮಣ್ಣು ತುಂಬಿ ಮುಚ್ಚಿದರು. ಕೆಲವು ದಿನ ಕಳೆದು, ಮಾಳಪ್ಪ ಒಂದು ಸಂಜೆ ಸಂಗಮ್ಮನ ಮನೆಯ ಕಟ್ಟೆಗೆ ಬಂದ. ಹಿಂದೆ ಕಾಶಿ, ಅವಳ ತಲೆಯ ಮೇಲೆ ಬಟ್ಟೆಯ ಗಂಟು. ಹಿಂಡು ಗಂಗಾಖೇಡದ ಕಡೆ ಹೊರಟಿತ್ತು.

"ಅಕ್ಕೋರ, ಒಂದ ಮಾತ ಕೇಳ್ತೀನ್ರಿ" ಎಂದ. "ಆ ಕಾಣಲಾರದ ಗಾಳಿ ಸುದ್ದಿ ನನ್ನ ಮಗಳು ನಂಗ ಮೊದಲೇ ಹೇಳಿದ್ಳು. ಪುಸ್ತಕದಾಗ ಅದ ಅಂದಿದ್ಳು. ನಾ ಕಿವಿಗಿ ಹಾಕ್ಕೊಳ್ಳಲಿಲ್ಲ. ಆ ಪುಸ್ತಕದಾಗ ಇನ್ನೂ ಏನೇನ ಅದರೀ?"

"ಬಹಳ ಅದ ಮಾಳಪ್ಪ."

"ಹಂಗಾರ ಎಲ್ಲಾ ಕಲಸ್ರಿ ಆಕಿಗಿ. ನಾವು ಬರೋ ತನಕ ನಿಮ್ಮ ಕಡೀನೇ ಇರ್ಲಿ." ಸಂಗಮ್ಮ ಒಳಗಿನಿಂದ, "ನನ್ನ ಕಡಿ ಇರ್ತಾಳ ಅನ್ನು. ಊಟಕ್ಕ ಹಾಕೋಳು ನಾನು" ಎಂದಳು. ಕಾಶಿ ಆ ಚಳಿಗಾಲ ನನ್ನ ಖೋಲಿಯಲ್ಲೇ ಮಲಗಿದಳು. ಪರೀಕ್ಷೆಯಲ್ಲಿ ಪಾಸಾದಳು. ಮುಂದೆ ಲೋಹಾರಾ ಕಡೆ ಮದುವೆಯಾಗಿ ಹೋದಳು ಎಂದು ಕೇಳಿದ್ದೇನೆ.

ಮರುವರ್ಷ ಹೈದರಾಬಾದ ರಾಜ್ಯವನ್ನೇ ಹಂಚಿದರು. ಬೀದರ, ಭಾಲ್ಕಿ ಮೈಸೂರಿಗೆ ಹೋದವು, ನಿಲಂಗಾ, ಉದಗೀರ ಮುಂಬಯಿಗೆ. ನಾನು ಭಾಲ್ಕಿಗೆ ವರ್ಗ ಕೇಳಿಕೊಂಡೆ. ಖಾದರ ಸಾಹೇಬರು ಮಗನಿರುವ ಹೈದರಾಬಾದಿಗೆ. ಅವರು ಮೊದಲು ಹೊರಟರು. ನಾನು, ಕಾಶಿ, ದೊಡ್ಡಬಾಯಿ ಬಸ್ಸಿನ ಹತ್ತಿರ ಹೋಗಿದ್ದೆವು. ಸಾಹೇಬರದು ಒಂದು ಟ್ರಂಕು, ಒಂದು ಹಾಸಿಗೆ, ಅಷ್ಟೇ. ಇನ್ನೇನು ಬಸ್ಸು ಹೊರಡಬೇಕು ಎನ್ನುವಾಗ ಧೂಳೆಬ್ಬಿಸುತ್ತ ಮಾಳಪ್ಪ ಓಡಿ ಬಂದ. ಕಂಬಳಿಯೊಳಗೆ ಏನೋ ಒದ್ದಾಡುತ್ತಿತ್ತು. ಕಿಟಕಿಯಿಂದ ಒಳಗೆ ಕೊಟ್ಟ. ಇನ್ನೂ ಕಿವಿ ಜೋತಾಡುವ, ಕಂದುಬಣ್ಣದ ಕುರಿಮರಿ.

"ಅರೇ, ಇದನ್ನ ಬಸ್ಸಿನ್ಯಾಗ ಹ್ಯಾಂಗ ಒಯ್ಲೋ?" ಸಾಹೇಬರು ಗಾಬರಿಯಾದರು.

"ತೊಡಿ ಮ್ಯಾಲ ಇಟ್ಕೋರಿ. ಮನಿ ಮಗ ಇದ್ದಂಗ."

ಕಂಡಕ್ಟರ್ ಮರಾಠಿಯಲ್ಲಿ ಜಗಳಕ್ಕೆ ನಿಂತ. ಜನಾವರಕ್ಕೆ ಬಸ್ಸಿನಲ್ಲಿ ಜಾಗವಿಲ್ಲ. ಮಾಳಪ್ಪ ಬಾಗಿಲಿಗೆ ಅಡ್ಡ ನಿಂತು, ಹಾಗಾದರೆ ಬಸ್ಸೇ ಹೋಗುವುದಿಲ್ಲ ಎಂದ. ಒಳಗಿನ ಪ್ರಯಾಣಿಕರಲ್ಲಿ ಅರ್ಧ ಜನ ಮಾಳಪ್ಪನ ಪರ, ಅರ್ಧ ಜನ ಕುರಿಯ ಪರ. ಕೊನೆಗೆ ಕಂಡಕ್ಟರ್ ಕೈಮುಗಿದು ಗಂಟೆ ಬಾರಿಸಿದ. ಬಸ್ಸು ತಿರುಗಿದಾಗ ಕಿಟಕಿಯಲ್ಲಿ ಎರಡು ತಲೆಗಳು ಕಂಡವು, ಮದರಂಗಿ ಗಡ್ಡದ್ದೊಂದು, ಕಂದುಬಣ್ಣದ್ದೊಂದು. ಸಾಹೇಬರು ಕೈ ಬೀಸಲು ಹೋಗಿ, ಮರಿ ಜಾರುತ್ತದೆಂದು ಕೈ ಒಳಗೆ ತೆಗೆದುಕೊಂಡರು.

ಧೂಳು ಇಳಿಯುವವರೆಗೂ ಮಾಳಪ್ಪ ರಸ್ತೆ ನೋಡುತ್ತ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕೋರ, ಸಾಹೇಬ್ರು ಹೋಗೋ ಊರಾಗ ನೆಲ ಹ್ಯಾಂಗದ್ರಿ? ಬಿರೀತದ ಏನು?"

"ಇಲ್ಲ ಮಾಳಪ್ಪ. ಅಲ್ಲಿ ಬೇರೆ ಕಲ್ಲು. ನಮ್ಮದಕ್ಕಿಂತ ಹಳೇದು, ಗಟ್ಟಿ."

"ಗಟ್ಟಿ ಅದ ಅಂತೀರಿ?"

"ಬಹಳ ಗಟ್ಟಿ."

"ಬೇಸಾತು ಹಂಗಾರ" ಎಂದು ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಕಾಶಿಯ ಕೈ ಹಿಡಿದು ವಾಡಿಯ ದಾರಿ ಹಿಡಿದ.